ಹಿಂಬೆಂಚಿನ ಆರಿನ್ ಕೆಸ್ಲರ್

ಆರಿನ್ ಕೆಸ್ಲರ್ ಅನ್ನುವ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದೇ ಬೈಗುಳದ ಜೊತೆಗೆ. ಅದು ೧೯೮೧, ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿ ಬೇಸಿಗೆಯ ನಡುವೆ ಆಟವೇ ನಿಂತುಹೋದ ವರ್ಷ. ನಾನು ಆಗಷ್ಟೇ ಗುಡ್ಡದ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಗುಡ್ಡ ಅಂದರೆ ನಮ್ಮ ಡನ್‌ಬರ್ ಊರಿನವರಿಗೆ ಒಂದೇ ಅರ್ಥ. ಬುದ್ಧಿ ಬೆಳೆಯದವರನ್ನು ಇಟ್ಟುಕೊಂಡು ನೋಡಿಕೊಳ್ಳಲು ರಾಜ್ಯ ಸರ್ಕಾರ ನಮ್ಮ ಅಜ್ಜಂದಿರ ಕಾಲದಲ್ಲಿ ಕಟ್ಟಿಸಿದ ಕೆಂಪು ಇಟ್ಟಿಗೆಯ ಮನೆಗಳ ಸಾಲು ಅದು. ಊರಿನಲ್ಲಿ ಯಾರನ್ನಾದರೂ ಎಲ್ಲಿ ಕೆಲಸ ಅಂತ ಕೇಳಿದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗದ್ದವೆತ್ತಿ ಮೇಲಕ್ಕೆ ತೋರಿಸುತ್ತಿದ್ದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾವು ಹೆಂಗಸರು ಅಡುಗೆಮನೆಯಲ್ಲಿ ಕೂತಿದ್ದೆವು. ದೊಡ್ಡ ಅಡುಗೆಯವಳು ಲೊರೆಟಾ, ಹಿಟ್ಟು ಮೆತ್ತಿದ ಕೈಯಲ್ಲೇ ಊರಿನ ವಾರಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿದಳು.

“ಕೇಳ್ರೇ, ಈ ಮಹಾನುಭಾವ ಈ ವಾರ ಏನು ಕಕ್ಕಿದಾನೆ ಅಂತ,” ಅಂದು ಜೋರಾಗಿ ಓದಿದಳು. “‘ನಮ್ಮ ರಾಜಧಾನಿಯಲ್ಲಿ ಮೊದಲು ಕುರ್ಚಿ ಮಾಡಿಸುತ್ತಾರೆ. ಆಮೇಲೆ ಅದರ ಮೇಲೆ ಕೂರಿಸಲು ಯಾರದೋ ಬಾಮೈದುನನನ್ನು ಹುಡುಕುತ್ತಾರೆ. ಕೊನೆಗೆ, ಅವನಿಗೆ ಮಾಡಲು ಏನಾದರೂ ಕೆಲಸ ಇದೆಯೇ ಎಂದು ಯೋಚಿಸುತ್ತಾರೆ.’ ನಮ್ಮನ್ನೇ ಅನ್ನೋದು ಇದು. ನಾನು ಯಾರ ಬಾಮೈದ? ಬೆಳಿಗ್ಗೆ ಎದ್ದು ಈ ಮೂಟೆ ಆಲೂಗಡ್ಡೆ ಸುಲಿಯೋಕೆ ಅವನು ಬರ್ತಾನಾ?”

ಅವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ಸಿಟ್ಟಿನ ಭರದಲ್ಲಿ ಮುಂದಿನದನ್ನೂ ಓದಿದಳು. ಅದು ಆಟದ ಮಾತು. ಬಂಟ್ ಅಂತ ಒಂದಿದೆ. ಚೆಂಡನ್ನು ಹೊಡೆಯದೆ ಬ್ಯಾಟಿನಿಂದ ಮೆತ್ತಗೆ ತಡೆದು ಬೀಳಿಸುವುದು. ಹಾಗೆ ಮಾಡಿದವನು ಸಾಮಾನ್ಯವಾಗಿ ಔಟ್ ಆಗುತ್ತಾನೆ, ಆದರೆ ಅಷ್ಟರಲ್ಲಿ ಅವನ ಜೊತೆಗಾರ ಒಂದು ಬೇಸ್, ಅಂದರೆ ಓಟದ ಒಂದು ಠಾಣೆ, ಮುಂದೆ ಓಡಿರುತ್ತಾನೆ. ಕೆಸ್ಲರ್ ಬರೆದಿದ್ದರು: ‘ತಾನು ಔಟಾಗಿ ಇನ್ನೊಬ್ಬನನ್ನು ಮುಂದೆ ಕಳಿಸಿದವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಮ್ಮ ಶಾಸನಸಭೆಯಲ್ಲಿ ಅಂಥವನು ಒಬ್ಬನೂ ಇಲ್ಲ. ಅಲ್ಲಿ ಎಲ್ಲರಿಗೂ ಚೆಂಡನ್ನು ಬೇಲಿಯಾಚೆ ಹೊಡೆಯಬೇಕು, ಅದೂ ಬೇರೆಯವರ ಬ್ಯಾಟಿನಲ್ಲಿ.’

ನನಗೆ ನಗು ಬಂದುಬಿಟ್ಟಿತು. ಲೊರೆಟಾ ದುರುಗುಟ್ಟಿ ನೋಡಿದಳು.

“ನಗು, ನಗು. ಹೊಸಬಳು ನೀನು, ಗೊತ್ತಿಲ್ಲ. ಅವನ ಒಡಹುಟ್ಟಿದ ತಮ್ಮ ಇಲ್ಲೇ ಮೂರನೇ ಮನೇಲಿದಾನೆ. ನಾನು ಬೇಯಿಸಿದ್ದು ತಿಂತಾನೆ, ನೀನು ಒಗೆದ ಹಾಸಿಗೆ ಮೇಲೆ ಮಲಗ್ತಾನೆ. ಅಣ್ಣ ಅಲ್ಲಿ ಕೂತ್ಕೊಂಡು ನಮ್ಮನ್ನ ದಂಡಪಿಂಡ ಅಂತ ಬರೀತಾನೆ.”

ಆ ಭಾನುವಾರ ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ಮೂರನೇ ಮನೆಗೆ ಹೋದೆ. ಹತ್ತಿರ ಬರುತ್ತಿದ್ದ ಹಾಗೆ ಜಗಲಿಯಿಂದ ಆಟದ ವೀಕ್ಷಕ ವಿವರಣೆ ಕೇಳಿಸಿತು. ಸೇಂಟ್ ಲೂಯಿಸ್ ರೇಡಿಯೊದವನ ಧಾಟಿಯೇ. ನಮ್ಮ ಕಡೆಯ ಕಾರ್ಡಿನಲ್ಸ್ ತಂಡದವನು ಎರಡನೇ ಬೇಸಿನಲ್ಲಿದ್ದಾನೆ, ಚೆಂಡೆಸೆಯುವ ಪಿಚರ್ ಬೆವರು ಒರೆಸಿಕೊಳ್ಳುತ್ತಿದ್ದಾನೆ, ಗಾಳಿ ನದಿಯ ಕಡೆಯಿಂದ ಬೀಸುತ್ತಿದೆ. ಸದ್ಯ ಮುಷ್ಕರ ಮುಗಿಯಿತು ಅಂದುಕೊಂಡೆ. ಮೆಟ್ಟಿಲು ಹತ್ತಿ ನೋಡಿದರೆ ರೇಡಿಯೊ ಬಾಯಿ ಮುಚ್ಚಿಕೊಂಡು ನೆಲದ ಮೇಲಿದೆ. ಕೋಲುಮುಖದ, ತೋಳಿನ ಗುಂಡಿ ಬಿಗಿದ ಗಂಡಸೊಬ್ಬರು ಬೆತ್ತದ ಕುರ್ಚಿಯಲ್ಲಿ ಕೂತು, ಎದುರಿನ ಹುಲ್ಲುಹಾಸಿನ ಮೇಲೆ ಕಣ್ಣು ನೆಟ್ಟು, ಇಲ್ಲದ ಆಟವನ್ನು ಹೇಳುತ್ತಿದ್ದಾರೆ. ಪಕ್ಕದಲ್ಲಿ ಕೆಂಪು ಟೋಪಿ ಹಾಕಿಕೊಂಡ ಭಾರೀ ಆಳು, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ಅದೇ ಹುಲ್ಲನ್ನು ಉಸಿರು ಹಿಡಿದು ನೋಡುತ್ತಿದ್ದಾನೆ. ಅವನೇ ಲೊರೆಟಾ ಹೇಳಿದ ತಮ್ಮ, ಡಿಲ್. ನಲವತ್ತರ ಆಸುಪಾಸು. ಅವನ ಬಾಯಲ್ಲಿ ಬರುತ್ತಿದ್ದ ಮಾತುಗಳೇ ಬೆರಳೆಣಿಕೆ. ಅದರಲ್ಲಿ ‘ಆರಿ’ ಅಂದರೆ ಅಣ್ಣ, ‘ಆಟ’ ಅಂದರೆ ಉಳಿದದ್ದೆಲ್ಲ.

ಕೊನೆಗೆ ಕಾರ್ಡಿನಲ್ಸ್ ಸೋತರು. ಡಿಲ್ ಟೋಪಿ ತೆಗೆದು ನೆಲಕ್ಕೆ ಕುಕ್ಕಿದ. ಆಮೇಲೆ ಎತ್ತಿಕೊಂಡು ಧೂಳು ಕೊಡವಿ ಮತ್ತೆ ಹಾಕಿಕೊಂಡ.

ನನಗೆ ತಡೆಯಲಾಗಲಿಲ್ಲ. “ಅಲ್ಲ ಸ್ವಾಮಿ, ಕಟ್ಟಿ ಹೇಳೋರೂ ನೀವೇ. ಗೆಲ್ಲಿಸೋಕೇನಾಗಿತ್ತು ದಾಡಿ?”

ಅವರು ತಿರುಗಿ ನೋಡಿದರು. “ಹೋದ ವಾರ ಗೆದ್ದಿದ್ರು ಕಣಮ್ಮ. ಇವತ್ತು ಅವರು ಸರಿಯಾಗಿ ಆಡ್ಲಿಲ್ಲ.”

“ಆಡಿದ್ದು ಯಾರು?”

“ಅದೇ ಮತ್ತೆ. ಇವನಿಗೋಸ್ಕರ ನಾನು ಗೆಲ್ಸ್ತೀನಿ ಅಂತ ಇವನಿಗೆ ಒಂದು ಸಲ ಗೊತ್ತಾದ್ರೆ ಆಮೇಲೆ ಅದು ಆಟ ಆಗಲ್ಲ, ಲಾಲಿ ಆಗತ್ತೆ. ಇವನೇನು ಮಗು ಅಲ್ಲ.”

ಅವತ್ತಿನಿಂದ ಭಾನುವಾರದ ಮೂರನೇ ಮನೆಯ ಪಾಳಿ ನನಗಿರಲಿ ಅಂತ ನಾನೇ ಕೇಳಿ ಹಾಕಿಸಿಕೊಂಡೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ರಾಜಕೀಯ ನನಗೆ ಆಗಿಬರುವ ವಸ್ತುವಲ್ಲ. ಆದರೂ ‘ಹಿಂಬೆಂಚಿನಿಂದ’ ಅನ್ನುವ ಅವರ ಅಂಕಣವನ್ನು ವಾರವಾರ ಓದತೊಡಗಿದೆ. ಅವರು ಅಪ್ಪನ ಕಾಲದ ಬೀಜ-ಹಿಂಡಿಯ ಅಂಗಡಿ ನಡೆಸುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಲ್ಲೇ ಕಟ್ಟೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕುಟ್ಟುವುದು. ಬರೆಯುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಮಾತು. ರಾಜ್ಯ ತನ್ನ ಹತ್ತಿರ ಇಲ್ಲದ್ದನ್ನು ಖರ್ಚು ಮಾಡುತ್ತಿದೆ; ಈ ವರ್ಷದ ಊಟವನ್ನು ಮುಂದಿನ ವರ್ಷದ ತಟ್ಟೆಯಿಂದ ಎತ್ತುತ್ತಿದೆ; ಕೊಡಲಾಗದ ಪಿಂಚಣಿಗಳ ಮಾತು ಕೊಡುತ್ತಿದೆ; ಉತ್ತರದ ದೊಡ್ಡ ಪಟ್ಟಣದವರು ಕೈಯೆತ್ತಿದ ಕಡೆಗೆ ನಮ್ಮ ದಕ್ಷಿಣದ ಪ್ರತಿನಿಧಿಗಳು ತಲೆಯಾಡಿಸುತ್ತಿದ್ದಾರೆ. ನೆರೆಯವರು, ಚರ್ಚು, ಮನೆಮಂದಿ ಮಾಡಬಹುದಾದ್ದನ್ನು ಸರ್ಕಾರದ ಕೈಗೆ ಕೊಟ್ಟ ಊರು ಕೈ ಬಳಸುವುದನ್ನೇ ಮರೆಯುತ್ತದೆ. ಮಧ್ಯೆ ಮಧ್ಯೆ ಆಟ. ರಾಜ್ಯದ ಆಯವ್ಯಯ ಅರ್ಥವಾಗದವರೂ, ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುವವನ ಮೊಣಕಾಲು ನೋವಿನ ಬಗ್ಗೆ ತಿಳಿಯಲು ಕೊನೆತನಕ ಓದುತ್ತಿದ್ದರು.

ಊರು ಅವರನ್ನು ಬೈಯುತ್ತಿತ್ತು, ಆದರೆ ಬಿಡುತ್ತಿರಲಿಲ್ಲ. ಕೆಫೆಯಲ್ಲಿ ಕಿಟಕಿ ಪಕ್ಕದ ಮೇಜು ಅವರದು. ಮೆತ್ತನೆಯ ಬಿಸ್ಕಿಟ್ ರೊಟ್ಟಿ ಮತ್ತು ಗ್ರೇವಿಯ ತಟ್ಟೆ ಎದುರಿಗೆ ಬರುವುದೇ ತಡ, ಸುತ್ತ ಹತ್ತು ಜನ ಸೇರಿ ಜಗಳ.

“ಗುಡ್ಡ ದಂಡ ಅನ್ನೋದಾದ್ರೆ ನಿಮ್ಮ ತಮ್ಮನ್ನ ಮನೆಗೆ ಕರ್ಕೊಂಡು ಹೋಗ್ರೀ ಮತ್ತೆ,” ಅಂತ ಯಾರಾದರೂ ಚುಚ್ಚಿಯೇ ಚುಚ್ಚುತ್ತಿದ್ದರು.

“ಗುಡ್ಡ ಬೇಡ ಅಂತ ನಾನೆಲ್ಲಿ ಬರ್ದೆ? ಇಲ್ಲದ ದುಡ್ಡಲ್ಲಿ ನಡೆಸ್ಬೇಡಿ ಅಂದೆ. ಇವತ್ತು ಸುಳ್ಳು ಲೆಕ್ಕದಲ್ಲಿ ನಡೆಸಿದ್ದನ್ನ ನಾಳೆ ಒಂದು ಸಾಲಿನ ಆದೇಶದಲ್ಲಿ ಮುಚ್ತಾರೆ. ಸರ್ಕಾರ ಕೊಟ್ಟ ಕೆಲಸಾನೇ ಊರು ಅಂದ್ಕೊಂಡವರು ಅವತ್ತು ಎಲ್ಲಿ ನಿಲ್ತೀರಿ?”

“ಅವತ್ತು ನಿಮ್ಮ ಅಂಗಡಿ ಮುಂದೆ ನಿಲ್ತೀವಿ ಬಿಡಿ, ಕೋಳಿಹಿಂಡಿ ಹಾಕಿ.”

ಎಲ್ಲರೂ ನಗುತ್ತಿದ್ದರು. ಅವರೂ ನಗುತ್ತಿದ್ದರು. ಡಿಲ್‌ನನ್ನು ಮನೆಗೆ ಕರೆದೊಯ್ಯುವ ಮಾತಿಗೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ತಾಯಿ ಇರುವತನಕ ಅವನು ಮನೆಯಲ್ಲೇ ಇದ್ದ. ಫಿಟ್ಸ್ ಬಂದಾಗ ಅವನನ್ನು ಹಿಡಿಯಲು ಎರಡಾಳು ಬೇಕು. ತಾಯಿ ಹೋದ ವರ್ಷ ಒಮ್ಮೆ ಅಂಗಡಿಯ ಮೆಟ್ಟಿಲಿನಿಂದ ಬಿದ್ದು ತಲೆ ಒಡೆದುಕೊಂಡ. ಗಿರಾಕಿ ಬರುವತನಕ ಹಾಗೇ ಬಿದ್ದಿದ್ದನಂತೆ. ಆ ವಾರವೇ ಆರಿನ್ ಅವನನ್ನು ತಮ್ಮ ಟ್ರಕ್ಕಿನಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿದ್ದು. ಮದುವೆಯ ಯೋಚನೆಯೂ ಅದರ ಜೊತೆಗೇ ಹೋಯಿತು ಅಂತ ಲೊರೆಟಾ ಹೇಳುತ್ತಿದ್ದಳು. ನಿಜವೋ ಏನೋ.

ನನ್ನ ಗಂಡ ಕರ್ಟಿಸ್, ನದಿಯ ಸರಕುದೋಣಿಯಲ್ಲಿ ಕೆಲಸದಲ್ಲಿದ್ದಾಗ ತೀರಿಕೊಂಡ. ಮಣ್ಣಾದ ದಿನ ಆರಿನ್ ಒಂದು ಬುಟ್ಟಿ ಹುರಿದ ಕೋಳಿ ತಂದು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟು, ಎಲ್ಲರೂ ಹೇಳುವ ಮಾತು ಒಂದನ್ನೂ ಹೇಳದೆ, ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದು ಹೋದರು. ಆಮೇಲೆ ನಾನು ರಜೆಯ ಭಾನುವಾರವೂ ಗುಡ್ಡ ಹತ್ತುತ್ತಿದ್ದೆ. ಜಗಲಿಯಲ್ಲಿ ಮೂರನೇ ಕುರ್ಚಿ ನನ್ನದಾಯಿತು. ಬೇಸಿಗೆಯಲ್ಲಿ ರೇಡಿಯೊ, ಚಳಿಗಾಲದಲ್ಲಿ ಒಳಗೆ ಹೀಟರ್ ಪಕ್ಕ ಆರಿನ್ ಕಟ್ಟಿ ಹೇಳುವ ಆಟ. ಅವರ ಆಟದಲ್ಲಿ ಮಳೆ ಬಂದು ನಿಲ್ಲುತ್ತಿತ್ತು, ಅಂಪೈರ್‌ಗಳ ಕಣ್ಣು ತಪ್ಪುತ್ತಿತ್ತು, ನಮ್ಮವರು ಸೋಲುತ್ತಿದ್ದರು. ಎಲ್ಲ ಆಟದ ಕೊನೆಗೂ ಡಿಲ್ ಅವರ ತೋಳು ಜಗ್ಗುತ್ತಿದ್ದ. “ಆರಿ. ಆಟ. ಹೋಗು.” ನಿಜವಾದ ಮೈದಾನಕ್ಕೆ ಕರೆದುಕೊಂಡು ಹೋಗು ಅಂತ ಅದರರ್ಥ.

ನದಿ ದಾಟಿದರೆ ಸೇಂಟ್ ಲೂಯಿಸ್, ದೂರವೇನಲ್ಲ. ಆದರೆ ಊರಿನ ಮೈದಾನಕ್ಕೆ ಒಮ್ಮೆ ಕರೆತಂದಾಗ ಯಾರೋ ಪಟಾಕಿ ಹಾರಿಸಿ ಅವನಿಗೆ ಅಲ್ಲೇ ಫಿಟ್ಸ್ ಬಂದಿತ್ತು. ಅಷ್ಟು ಸಾವಿರ ಜನರ ಕೂಗಿನ ನಡುವೆ ಏನಾದೀತೋ ಅಂತ ಡಾಕ್ಟರು ಬೇಡ ಅಂದಿದ್ದರು. “ಈಗ ಆಗಲ್ಲ ಡಿಲ್,” ಅನ್ನುತ್ತಿದ್ದರು ಆರಿನ್. ‘ಮುಂದಿನ ವರ್ಷ’ ಅನ್ನುತ್ತಿರಲಿಲ್ಲ. ಆಗದ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

ಈ ಸ್ವಭಾವದ್ದೇ ಇನ್ನೊಂದು ಕತೆ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಊರಿನ ಹುಡುಗರ ತಂಡಕ್ಕೆ ಆರಿನ್ ಸ್ಕೋರರ್. ಚೆಂಡು ಕೈಗೆ ಸಿಗದೆ ಹೋದರೆ ಅದು ಹೊಡೆದವನ ಹೆಚ್ಚುಗಾರಿಕೆಯೋ, ಹಿಡಿಯಬೇಕಾದವನ ತಪ್ಪೋ ಅಂತ ತೀರ್ಮಾನಿಸಿ ಬರೆಯುವುದು ಸ್ಕೋರರ್ ಕೆಲಸ. ನಮ್ಮ ಕಡೆ ಒಂದು ರೂಢಿಯಿದೆ. ಬರೆದದ್ದು ಸರಿಯಿಲ್ಲ ಅನಿಸಿದರೆ ಮಾರನೆಯ ದಿನದೊಳಗೆ ಹೋಗಿ ಕೇಳಬಹುದು, ಸ್ಕೋರರ್ ಬದಲಾಯಿಸಬಹುದು. ಎಲ್ಲ ಊರಿನಲ್ಲೂ ಸ್ವಲ್ಪ ಆಚೀಚೆ ಮಾಡುತ್ತಾರೆ. ಲೊರೆಟಾಳ ಮಗ ಡೆನ್ನಿಯ ಆಟ ನೋಡಿ ತಮ್ಮ ತಂಡಕ್ಕೆ, ಓದಿಗೆ ಆರಿಸಿಕೊಳ್ಳಲು ಕಾಲೇಜಿನವರು ಬಂದ ದಿನವೇ ಚೆಂಡು ಅವನ ಕಾಲಸಂದಿಯಲ್ಲಿ ನುಸುಳಿಹೋಯಿತು. ಆರಿನ್ ತಪ್ಪು ಅಂತ ಬರೆದರು. ಲೊರೆಟಾ ಅವರ ಅಂಗಡಿಗೆ ಹೋಗಿ ಕೈಮುಗಿಯುವುದೊಂದು ಬಾಕಿ.

“ನೆಲ ತಗ್ಗಿತ್ತು ಅಂತ ಬರೀರಿ. ಯಾರಿಗೆ ನಷ್ಟ?”

“ನೆಲ ಸರಿಯಾಗಿತ್ತು ಲೊರೆಟಾ. ನಾನು ನೋಡ್ದೆ.”

ಡೆನ್ನಿಗೆ ಕಾಲೇಜು ಸಿಗಲಿಲ್ಲ. ಅದೇ ಕಾರಣವೋ ಅಲ್ಲವೋ ದೇವರಿಗೇ ಗೊತ್ತು. ಲೊರೆಟಾ ಮುಂದೆ ಅವರ ಜೊತೆ ಮಾತಾಡಿದಳು, ನಕ್ಕಳು, ಕ್ರಿಸ್‌ಮಸ್ಸಿಗೆ ಕೇಕೂ ಕಳಿಸಿದಳು. ಆದರೆ ಆ ಚೆಂಡು ಅವಳ ಹೊಟ್ಟೆಯೊಳಗೆ ಉರುಳುತ್ತಲೇ ಇತ್ತು.

ವರ್ಷಗಳು ಹೋದವು. ಕೈಗವಸಿನ ಕಾರ್ಖಾನೆ ಮುಚ್ಚಿತು. ರೈಲು ನಿಲ್ಲುವುದು ಬಿಟ್ಟಿತು. ಆರಿನ್‌ರ ಅಂಗಡಿಯೂ ಹೋಯಿತು. ಟೈಪ್‌ರೈಟರನ್ನು ಮನೆಯ ಊಟದ ಮೇಜಿಗೆ ತಂದಿಟ್ಟುಕೊಂಡರು. ಊರಿಗೆ ಉಳಿದದ್ದು ಗುಡ್ಡವೊಂದೇ. ಆಗ ಚುನಾವಣೆಯಲ್ಲಿ, ರಾಜ್ಯವನ್ನು ಆಳುವ ಗವರ್ನರ್ ಸ್ಥಾನಕ್ಕೆ ಆರಿನ್‌ರ ಪಕ್ಷದವನೇ ಗೆದ್ದು ಬಂದ. ಇಷ್ಟು ವರ್ಷ ತಾವು ಹೇಳಿದ್ದನ್ನೇ ಹೇಳುವವನೊಬ್ಬ ಬಂದ ಅಂತ ಆರಿನ್ ಹಣ್ಣಿನ ಸಿಹಿ ಪೈ ತರಿಸಿ ಕೆಫೆಯಲ್ಲಿ ಎಲ್ಲರಿಗೂ ಹಂಚಿದರು. ವಿರೋಧ ಪಕ್ಷದವರೂ ತಿಂದರು, “ಸೋತಿದ್ದಕ್ಕೆ ಇಷ್ಟು ಒಳ್ಳೆ ಪೈ ಸಿಗತ್ತೆ ಅಂದ್ರೆ ಮುಂದಿನ ಸಲಾನೂ ಸೋಲ್ತೀವಿ” ಅಂದುಕೊಂಡು.

ಫೆಬ್ರವರಿಯಲ್ಲಿ ಗವರ್ನರ್ ಮಾಡಿದ ಭಾಷಣವನ್ನು ನಾವು ಗುಡ್ಡದ ಊಟದ ಕೋಣೆಯಲ್ಲಿ ಟೀವಿಯಲ್ಲಿ ನೋಡಿದೆವು. ರಾಜ್ಯ ನಡೆಸುವ ಇಂಥ ಮನೆಗಳಲ್ಲಿ ಕೆಲವನ್ನು ಮುಚ್ಚುವುದಾಗಿ ಹೇಳಿ, ಹೆಸರುಗಳನ್ನು ಓದಿದ. ಡನ್‌ಬರ್ ಅಂದ. ಅದಾದ ಮೇಲೆ ನಕ್ಕು, ದಕ್ಷಿಣದ ಒಂದು ಪುಟ್ಟ ಪತ್ರಿಕೆಯ ಒಬ್ಬ ಹಿರಿಯರು ಬರೆದಿದ್ದಾರೆ ಅಂತ ಶುರುಮಾಡಿ, ಕುರ್ಚಿ ಮತ್ತು ಬಾಮೈದುನನ ಮಾತನ್ನು ಹಾಗೇ ಓದಿದ. ಸಭೆಯಲ್ಲಿ ಚಪ್ಪಾಳೆ. ನಮ್ಮ ಕೋಣೆಯಲ್ಲಿ ಚಮಚದ ಸದ್ದೂ ಇರಲಿಲ್ಲ. ಡಿಲ್ ಮಾತ್ರ, ಚಪ್ಪಾಳೆ ಕೇಳಿ, ಆಟ ಅಂದುಕೊಂಡು ತಾನೂ ತಟ್ಟಿದ.

ಮಾರನೆಯ ವಾರ ನಮ್ಮ ಕಡೆಯ ಸೆನೆಟರ್‌ನ ಕಡೆಯವನೊಬ್ಬ ಆರಿನ್‌ರ ಮನೆಗೆ ಬಂದಿದ್ದ. ಗವರ್ನರ್ ನಿಮ್ಮನ್ನು ಓದುತ್ತಾರೆ, ಡನ್‌ಬರ್ ಬಿಟ್ಟುಬಿಡಿ ಅಂತ ನೀವು ಒಂದು ಸಲ ಬರೆದರೆ ಬಿಡುವ ಸಾಧ್ಯತೆಯಿದೆ ಅಂದನಂತೆ. ಊರಿಗೆ ಊರೇ ಅವರ ಬಾಗಿಲಿಗೆ ಬಂತು. ಬೈದವರು, ನಕ್ಕವರು, ಪಾದ್ರಿ, ಕ್ಷೌರದವನು. ಚಳಿಯಲ್ಲೂ ಬಿಸಿಲು ಬಿದ್ದಿದ್ದ ಆ ಭಾನುವಾರ ಜಗಲಿಯಲ್ಲಿ ಅವರು ನನಗೆ ಹೇಳಿದರು:

“ಬರ್ದಿದೀನಿ ವೆರ್ನಾ. ಟೈಪ್ ಆಗಿದೆ. ಸೋಮವಾರ ಕೊಡ್ತೀನಿ.”

“ಏನಂತ?”

“ಬಿಟ್ಬಿಡಿ ಅಂತ. ಇನ್ನೇನಂತ.” ಅವರು ಡಿಲ್ ಕಡೆ ನೋಡಿದರು. “ಇವನಿಗೆ ಈ ಜಗಲಿ ಬಿಟ್ರೆ ಬೇರೆ ಗೊತ್ತಿಲ್ಲ. ಈ ಮರ, ಈ ಕುರ್ಚಿ, ಲೊರೆಟಾಳ ಬ್ರೆಡ್ ವಾಸನೆ. ಬೇರೆ ಕಡೆ ಇಟ್ರೆ ಇವನು ಉಳಿಯಲ್ಲ.”

ನನಗೆ ಹಗುರವಾಯಿತು.

ಸೋಮವಾರ ಬೆಳಿಗ್ಗೆ ಕೆಫೆಯಲ್ಲಿ ನಾನೂ ಇದ್ದೆ. ಆರಿನ್ ಕೋಟಿನ ಒಳಜೇಬಿನಲ್ಲಿ ಕಾಗದ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದರು. ಕುಡಿದು ಪಕ್ಕದ ಪತ್ರಿಕೆಯ ಆಫೀಸಿಗೆ ಹೋಗುವುದು. ಆಗ ಲೊರೆಟಾ ಒಳಗೆ ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಖುಷಿಯಾಗಿಯೇ ಬಂದಿದ್ದಳು, ಆಣೆ ಮಾಡಿ ಹೇಳುತ್ತೇನೆ. ಅವರ ಮೇಜಿನ ಹತ್ತಿರ ನಿಂತಳು. ಏನಾಯಿತೋ, ಬಾಯಿಂದ ಬೇರೆಯದೇ ಬಂತು.

“ಅಂತೂ ನೆಲ ತಗ್ಗಿತ್ತು ಅಂತ ಬರೆಯೋಕೆ ನಿಮಗೂ ಬರತ್ತೆ ಅನ್ನಿ. ನನ್ನ ಡೆನ್ನಿಗೆ ಬರೀಲಿಲ್ಲ. ತಮ್ಮನ ಸರದಿ ಬಂದಾಗ ಕೈ ತಾನೇ ಓಡ್ತು.”

ಯಾರೋ ಒಬ್ಬ ನಕ್ಕ. ತಮಾಷೆ ಅಂದುಕೊಂಡ. ಆರಿನ್ ಲೋಟ ಕೆಳಗಿಟ್ಟರು. ಲೊರೆಟಾಳ ಮುಖವನ್ನೇ ಬಹಳ ಹೊತ್ತು ನೋಡಿದರು, ಸಿಟ್ಟಿನಿಂದಲ್ಲ, ಸ್ಕೋರ್ ಬರೆಯುವ ಮುಂಚೆ ಮೈದಾನವನ್ನು ನೋಡುತ್ತಿದ್ದ ಹಾಗೆ.

“ನೀನು ಹೇಳಿದ್ದು ಸರಿ,” ಅಂದರು. ಕಾಫಿಯ ದುಡ್ಡಿಟ್ಟು, ಟೋಪಿ ಹಾಕಿಕೊಂಡು, ಪತ್ರಿಕೆಯ ಆಫೀಸಿನ ಕಡೆಗಲ್ಲ, ಮನೆಯ ಕಡೆಗೆ ನಡೆದರು.

ಲೊರೆಟಾ ಅವರ ಹಿಂದೆ ಬೀದಿಯಲ್ಲಿ ಓಡಿದಳು. “ಆರಿನ್, ಬಾಯಿಗೆ ಬಂದಿದ್ದು ಅಂದೆ. ಹಳೇ ಹೊಟ್ಟೆಕಿಚ್ಚು. ಅದನ್ನ ಹಿಡ್ಕೋಬೇಡಿ. ಕೊಡಿ ಅದನ್ನ, ನಾನೇ ಕೊಟ್ಟು ಬರ್ತೀನಿ.”

“ಹೊಟ್ಟೆಕಿಚ್ಚಿಂದ ಹೇಳಿದ್ರೂ ಸರಿಯಾದ್ದು ಸರಿ ತಾನೆ,” ಅಂದರಂತೆ ಅವರು.

ಆ ವಾರದ ‘ಹಿಂಬೆಂಚಿನಿಂದ’ ನನಗೆ ಬಾಯಿಪಾಠ. ‘ಗವರ್ನರ್ ನನ್ನ ಮಾತನ್ನು ಎತ್ತಿ ಹೇಳಿದರು. ಪಟ್ಟಿಯಲ್ಲಿರುವ ಒಂದು ಮನೆಯಲ್ಲಿ ನನ್ನ ತಮ್ಮನಿದ್ದಾನೆ. ಅದೊಂದನ್ನು ಬಿಟ್ಟು ಉಳಿದವನ್ನು ಮುಚ್ಚಿ ಎಂದು ನಾನು ಕೇಳಿದರೆ, ಇಷ್ಟು ವರ್ಷ ನಾನು ಬೈದ ಬಾಮೈದುನರಿಗೂ ನನಗೂ ವ್ಯತ್ಯಾಸವೇನು? ಉಳಿದ ಮನೆಗಳಲ್ಲಿ ಇರುವವರೂ ಯಾರದೋ ತಮ್ಮಂದಿರೇ. ನಾನು ಕೇಳುವುದಿಲ್ಲ.’ ಅದರ ಕೆಳಗೆ, ಏನೂ ಆಗಿಲ್ಲವೇನೋ ಅನ್ನುವ ಹಾಗೆ, ಕಾರ್ಡಿನಲ್ಸ್‌ಗೆ ಈ ಸಲ ಒಳ್ಳೆಯ ಎಡಗೈ ಪಿಚರ್ ಇಲ್ಲ, ಜುಲೈ ಹೊತ್ತಿಗೆ ಸುಸ್ತಾಗುತ್ತಾರೆ ಅಂತ ಎರಡು ಸಾಲು.

ಬರೆದಿದ್ದರೆ ಗುಡ್ಡ ಉಳಿಯುತ್ತಿತ್ತೋ? ನನಗೆ ಗೊತ್ತಿರುವುದು ಇಷ್ಟೇ. ಪಟ್ಟಿಯಲ್ಲಿದ್ದ ಇನ್ನೊಂದು ಊರಿನ ಪತ್ರಿಕೆ ಬೊಬ್ಬೆ ಹಾಕಿತು, ಆ ಊರಿನ ಹೆಸರನ್ನು ಏಪ್ರಿಲ್‌ನಲ್ಲಿ ಸದ್ದಿಲ್ಲದೆ ತೆಗೆದರು. ಅದನ್ನು ಆರಿನ್ ಕೂಡ ಓದಿದರು. ಕೆಫೆಯ ಕಿಟಕಿ ಪಕ್ಕ ಕೂತು ಓದಿದರು. ಅಷ್ಟರಲ್ಲಿ ಆ ಮೇಜಿನ ಸುತ್ತ ಯಾರೂ ಕೂರುತ್ತಿರಲಿಲ್ಲ, ಜಗಳಕ್ಕೂ.

ಸಾಗಿಸುವ ಕೆಲಸ ಅಕ್ಟೋಬರಿನಲ್ಲಿ ನಡೆಯಿತು. ಡಿಲ್‌ಗೆ ಸಿಕ್ಕ ಜಾಗ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಬೀದಿಸಾಲಿನ ಒಂದು ಸಣ್ಣ ಮನೆ. ಅವನನ್ನು ತಮ್ಮ ಮನೆಗೆ ಕೊಡಿ ಅಂತ ಆರಿನ್ ಕೇಳಿದ್ದರು. ಎಪ್ಪತ್ತು ದಾಟಿದ, ಎದೆಯ ಆಪರೇಷನ್ ಆದ ಒಂಟಿ ಗಂಡಸಿಗೆ ಕೊಡಲಾಗದು ಅಂದರು. ಆ ಬೆಳಿಗ್ಗೆ ವ್ಯಾನು ಮೂರನೇ ಮನೆಯ ಮುಂದೆ ಬಂದು ನಿಂತಿತು. ಒಬ್ಬೊಬ್ಬರಾಗಿ ಹತ್ತಿದರು. ಡಿಲ್ ಜಗಲಿಯ ಕಂಬವನ್ನು ತಬ್ಬಿಕೊಂಡ. ನಾನು ಕರೆದೆ, ಲೊರೆಟಾ ಬಿಸಿ ಬ್ರೆಡ್ ತೋರಿಸಿ ಕರೆದಳು. ಬಿಡಲಿಲ್ಲ. ಇಬ್ಬರು ಆಳುಗಳು ಬೆರಳು ಬಿಡಿಸಲು ಹೋದರು, ಅವನು ಪ್ರಾಣಿಯ ಹಾಗೆ ಕೂಗಿದ. ನರ್ಸು ಸೂಜಿ ತಯಾರು ಮಾಡತೊಡಗಿದಳು.

ಆರಿನ್ ಆ ಸೂಜಿಯನ್ನು ನೋಡಿದರು.

“ಸ್ವಲ್ಪ ನಿಲ್ಲಿ,” ಅಂದು ಮೆಟ್ಟಿಲು ಹತ್ತಿದರು. ತಮ್ಮನ ಬೆನ್ನ ಮೇಲೆ ಕೈಯಿಟ್ಟರು. “ಡಿಲ್, ಟೋಪಿ ಎಲ್ಲಪ್ಪ? ಟೋಪಿ ಹಾಕ್ಕೋ. ಆಟಕ್ಕೆ ಹೋಗ್ತಿದೀವಿ.”

ಡಿಲ್ ಕೂಗು ನಿಲ್ಲಿಸಿ ಅವರ ಮುಖ ನೋಡಿದ. “ಆಟ?”

“ಹ್ಞೂಂ. ದೊಡ್ಡ ಮೈದಾನಕ್ಕೆ.”

ಕಂಬ ಬಿಟ್ಟ. ಒಳಗೆ ಓಡಿ ಟೋಪಿ ತಂದ. ಕಿಟಕಿ ಪಕ್ಕದ ಸೀಟು ಬೇಕು ಅಂತ ಮುಂದಿದ್ದವನನ್ನು ಎಬ್ಬಿಸಿ ತಾನು ಕೂತ. “ಆರಿ?” ಅಂತ ಕರೆದ. “ಹಿಂದೆ ಟ್ರಕ್ಕಲ್ಲಿ ಬರ್ತೀನಿ,” ಅಂದರು ಆರಿನ್. ಅಷ್ಟು ವರ್ಷದಲ್ಲಿ ಇಲ್ಲದ ಆಟದಲ್ಲೂ ಸುಳ್ಳು ಗೆಲುವು ಕೊಡದ ಮನುಷ್ಯ. ವ್ಯಾನು ಗುಡ್ಡ ಇಳಿಯುವಾಗ ಡಿಲ್ ನಮಗೆಲ್ಲ ಟೋಪಿ ಬೀಸಿದ. ಅವನನ್ನು ಅಷ್ಟು ಸಂತೋಷದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

ಆರಿನ್ ಹಿಂದೆಯೇ ಹೋಗಿ ತಲುಪಿದರು. ಅಲ್ಲಿ ಇಳಿದಾಗ ಡಿಲ್ ಆಕಾಶದಲ್ಲಿ ಮೈದಾನದ ದೀಪದ ಕಂಬ ಹುಡುಕಿದನಂತೆ. ಆಮೇಲೆ ಮನೆಯ ಹಿಂದೆ ಹೋಗಿ ಹುಡುಕಿದನಂತೆ.

ಅಲ್ಲಿಯವರು ಕೆಟ್ಟವರಲ್ಲ. ಒಮ್ಮೆ ನಾನೂ ಆರಿನ್ ಜೊತೆ ಹೋಗಿದ್ದೆ, ಅರ್ಧ ದಿನದ ದಾರಿ. ಶುಚಿಯಾದ ಮನೆ, ಒಳ್ಳೆಯ ಹುಡುಗಿಯರು. ಡಿಲ್ ಮುಂಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು, ಟೋಪಿ ಹಾಕಿ, ಕೋಟಿನ ಗುಂಡಿ ಬಿಗಿದು ಕೂತಿದ್ದ. ದಿನಾ ಬೆಳಿಗ್ಗೆ ಎದ್ದು ಹಾಗೆ ಕೂರುತ್ತಾನೆ, ತಿನ್ನಲು ಕರೆದರೂ ಏಳುವುದಿಲ್ಲ, ಯಾರು ಬಾಗಿಲು ತೆಗೆದರೂ ಎದ್ದು ನಿಲ್ಲುತ್ತಾನೆ ಅಂದರು. ತುಂಬ ಇಳಿದುಹೋಗಿದ್ದ. ನಮ್ಮನ್ನು ಕಂಡು ಎದ್ದ. “ಆಟ,” ಅಂದ.

ಆರಿನ್ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಹಳೆಯ ಧಾಟಿಯಲ್ಲಿ ಶುರುಮಾಡಿದರು. ಗಾಳಿ ನದಿಯ ಕಡೆಯಿಂದ ಬೀಸುತ್ತಿದೆ, ಪಿಚರ್ ಟೋಪಿ ಸರಿಮಾಡಿಕೊಂಡ... ಡಿಲ್ ಕೈ ಚಾಚಿ ಅವರ ಬಾಯಿಯ ಮೇಲೆ ಇಟ್ಟ. ಹೊಡೆಯಲಿಲ್ಲ, ಒತ್ತಲಿಲ್ಲ. ಸುಮ್ಮನೆ ಮುಚ್ಚಿದ. ಆಮೇಲೆ ಬಾಗಿಲ ಕಡೆ ತಿರುಗಿ ಕೂತ.

ವಾಪಸು ಬರುವ ದಾರಿಯಲ್ಲಿ ಬರಿಯ ಕಡಿದ ಜೋಳದ ಹೊಲ, ಎರಡೂ ಕಡೆ. ಆರಿನ್ ಒಂದೇ ಮಾತಾಡಿದ್ದು. “ಇನ್ಮೇಲೆ ನಾನು ಹೇಳಿದ್ದನ್ನ ಅವನು ಯಾಕೆ ನಂಬಬೇಕು.”

ಹೊಸ ವರ್ಷದ ಆಟಗಳು ಶುರುವಾಗುವ ಮುಂಚೆ, ಜ್ವರ ಎದೆಗಿಳಿದು ಡಿಲ್ ಹೋದ. ಊರಿನ ಗೋರಿಸ್ಥಾನದಲ್ಲೇ ತಾಯಿಯ ಪಕ್ಕ ಇಟ್ಟೆವು. ಗುಡ್ಡದ ಹಳಬರು ಎಲ್ಲರೂ ಬಂದಿದ್ದರು, ಯಾರೂ ಆರಿನ್‌ರ ಕೈ ಹಿಡಿಯಲಿಲ್ಲ. ಲೊರೆಟಾ ಒಬ್ಬಳು ಹಿಡಿದಳು. ಅವಳು ಮಗನ ಊರಿಗೆ ಹೋಗುವ ಮುಂಚೆ ನನ್ನ ಮನೆಗೆ ಬಂದು, ಅಡುಗೆಮನೆಯಲ್ಲಿ ನಿಂತೇ ಅಂದಳು: “ಬೇರೆ ಯಾರಿಗೆ ಅಂದಿದ್ರೂ ತಿರುಗಿಸಿ ಬೈದು ತನ್ನ ಕೆಲಸಕ್ಕೆ ಹೋಗ್ತಿದ್ದ ಕಣೇ. ಈ ಮನುಷ್ಯ ನನ್ನ ಮಾತನ್ನ ಮಾತು ಅಂತ ತಗೊಂಡ.”

‘ಹಿಂಬೆಂಚಿನಿಂದ’ ನಿಂತುಹೋಯಿತು. ಕೊನೆಯದು ಅಂತ ಅವರು ಏನೂ ಬರೆಯಲಿಲ್ಲ. ಒಂದು ವಾರ ಅದರ ಜಾಗದಲ್ಲಿ ಟೈರ್ ಅಂಗಡಿಯ ಜಾಹೀರಾತು ಬಂತು. ಮುಂದಿನ ವರ್ಷ ಪತ್ರಿಕೆಯೇ ಇಲ್ಲ. ಗುಡ್ಡದ ಮನೆಗಳ ಕಿಟಕಿಗೆ ಹಲಗೆ ಹೊಡೆದರು. ಹಾಗೆ ಉಳಿಸಿದ ದುಡ್ಡಿನಿಂದ ರಾಜ್ಯದ ಸಾಲ ತೀರಿತೇ ಅಂತ ಒಮ್ಮೆ ಆರಿನ್‌ರನ್ನು ಕೇಳಿದೆ. “ಇಲ್ಲ. ಇನ್ನೂ ಜಾಸ್ತಿ ಆಗಿದೆ,” ಅಂದರು. ಅದರಲ್ಲೂ ಅವರಿಗೆ ಸುಳ್ಳು ಹೇಳಲಾಗಲಿಲ್ಲ.

ಕಳೆದ ಜನವರಿಯಲ್ಲಿ ಅವರನ್ನು ಜಿಲ್ಲೆಯ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ನಾನು ಮಧ್ಯಾಹ್ನದ ಬಸ್ಸಿಗೆ ಹೋಗಿ ಕೂತು ಬರುತ್ತಿದ್ದೆ. ಒಂದು ದಿನ ಟೀವಿಯಲ್ಲಿ ಹೊಸ ಗವರ್ನರ್ ಯಾರೋ ಮಾತಾಡುತ್ತಿದ್ದ. ಆರಿಸು ಅಂತ ಕಣ್ಣಿನಲ್ಲೇ ಹೇಳಿದರು. ಆರಿಸಿದೆ. ಕಿಟಕಿಯಾಚೆ ಪಾರ್ಕಿಂಗ್ ಜಾಗದ ಮೇಲೆ ಹಿಮ ಬೀಳುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು, ಹಿಂದೆ ಹುಲ್ಲುಹಾಸನ್ನು ನೋಡುತ್ತಿದ್ದ ಹಾಗೆ.

“ವೆರ್ನಾ, ಒಂದು ಆಟ ಹೇಳು.”

“ನನಗೆಲ್ಲಿ ಬರತ್ತೆ ಆರಿನ್. ಅದು ನಿಮ್ಮ ಕೆಲಸ.”

“ಅಷ್ಟು ವರ್ಷ ಪಕ್ಕದ ಕುರ್ಚೀಲಿ ಕೂತು ಕೇಳಿದೀಯ. ಬರತ್ತೆ.”

“ಆಯ್ತು. ಯಾರ ಮೇಲೆ ಆಡಿಸ್ಲಿ? ಗೆಲ್ಲಿಸ್ಲಾ, ಸೋಲಿಸ್ಲಾ?”

ಅವರು ಕಣ್ಣು ಮುಚ್ಚಿದರು. ನಿದ್ದೆ ಹೋದರು ಅಂದುಕೊಂಡೆ. ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದರು.

“ಆಟ ಆಮೇಲೆ. ಮೈದಾನದ ಗೇಟಿಂದ ಶುರುಮಾಡು. 
ಮೊದಲು ಡಿಲ್‌ನ ಒಳಗೆ ಕರ್ಕೊಂಡು ಹೋಗಿ ಸೀಟಲ್ಲಿ ಕೂರಿಸು. ಆಮೇಲೆ ನಮ್ಮವರು ಸೋತ್ರೂ ಸೋಲ್ಲಿ.”